ಒಂದೂವರೆ ವರ್ಷದ ಮಗುವಿಗೆ ಆಟದ ಸಾಮಾನು: ತುಮಕೂರಲ್ಲಿ ನಾವು ಏನು ಕೊಂಡೆವು, ಏನು ಬಿಟ್ಟೆವು

ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಒಂದರಿಂದ ಎರಡು ವರ್ಷದ ನಡುವಿನ ಮಗು ಇರುವ ಮನೆಗೆ ಗೂಟಕ್ಕೆ ಹಾಕುವ ಚನ್ನಪಟ್ಟಣದ ಮರದ ಬಳೆ ಸೆಟ್ಟು, ಒಂದರೊಳಗೊಂದು ಕೂರುವ ಪ್ಲಾಸ್ಟಿಕ್ ಲೋಟಗಳು, ಎರಡೂ ಕೈಯಲ್ಲಿ ಹಿಡಿಯುವಂಥ ಚೆಂಡು, ದಪ್ಪ ರಟ್ಟಿನ ಚಿತ್ರದ ಪುಸ್ತಕ ಸಾಕು. ಮಗು ನಡೆಯಲು ಶುರು ಮಾಡಿದ್ದರೆ ಒಂದು ತಳ್ಳುವ ಗಾಡಿ. ಗುಂಡಿ ಒತ್ತಿದರೆ ಹಾಡು ಹೇಳುವ, ಲೈಟು ಮಿಣುಕುವ ಸಾಮಾನಿಗೆ ನಾನಂತೂ ದುಡ್ಡು ಹಾಕುವುದಿಲ್ಲ. ಯಾಕೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ನಮ್ಮ ಮಗಳಿಗೆ ಈಗ ಒಂದೂವರೆ ದಾಟಿದೆ. ಮನೆ ತುಮಕೂರಿನ ಬಟವಾಡಿ ಕಡೆ. ನಾನು ಕೆಲಸಕ್ಕೆ ಹೋದಾಗ ಮಗು ಅತ್ತೆಯ ಹತ್ತಿರ ಇರುತ್ತದೆ, ಹಾಗಾಗಿ ಯಾವ ಸಾಮಾನು ಮಗುವನ್ನು ನಿಜವಾಗಿ ಹಿಡಿದು ಕೂರಿಸುತ್ತದೆ, ಯಾವುದು ಎರಡು ದಿನಕ್ಕೆ ಮಂಚದ ಕೆಳಗೆ ಹೋಗುತ್ತದೆ ಅನ್ನುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಇಲ್ಲಿ ಬರೆದಿರುವುದರಲ್ಲಿ ಅರ್ಧ ಅವರು ಕಂಡಿದ್ದೇ. ಸಾಮಾನು ತಂದಿದ್ದು ಎಂ.ಜಿ. ರಸ್ತೆಯ ಅಂಗಡಿಗಳಿಂದ, ಕೆಲವು ಆನ್‌ಲೈನಲ್ಲಿ, ಒಂದು ಚೆಂಡು ಮಾತ್ರ ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆಯಲ್ಲಿ. ಮರದ್ದೆಲ್ಲ ಚನ್ನಪಟ್ಟಣದ್ದು.

ಬಳೆ ಸೆಟ್ಟಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಅತಿ ಹೆಚ್ಚು ಆಡಿದ್ದು ಅದರಲ್ಲೇ. ಒಂದು ಮರದ ಗೂಟ, ಅದಕ್ಕೆ ಹಾಕುವ ಬೇರೆ ಬೇರೆ ಬಣ್ಣದ, ಬೇರೆ ಬೇರೆ ಗಾತ್ರದ ಬಳೆಗಳು. ಅಷ್ಟೇ. ನೋಡಲು ಇದರಲ್ಲೇನಿದೆ ಅನಿಸುತ್ತದೆ. ಆದರೆ ಒಂದು ವರ್ಷ ತುಂಬಿದ ಹೊಸತರಲ್ಲಿ ಮಗಳು ಬಳೆಗಳನ್ನು ಬರೀ ತೆಗೆಯುತ್ತಿದ್ದಳು, ನಾವು ಹಾಕಬೇಕು, ಅವಳು ತೆಗೆಯಬೇಕು. ಆಮೇಲೆ ಹಾಕುವುದನ್ನು ಕಲಿತಳು, ಗಾತ್ರದ ಗೊಡವೆ ಇಲ್ಲದೆ ಹೇಗೆಂದರೆ ಹಾಗೆ. ಈಗ ದೊಡ್ಡದು ಕೆಳಗೆ ಬರಬೇಕು ಅನ್ನುವ ಅಂದಾಜು ಒಮ್ಮೊಮ್ಮೆ ಕಾಣುತ್ತದೆ, ಒಮ್ಮೊಮ್ಮೆ ಇಲ್ಲ. ಮಧ್ಯದಲ್ಲಿ ಅದೇ ಬಳೆ ಅವಳ ಕೈಬಳೆ ಆಗಿದೆ, ನೆಲದ ಮೇಲೆ ಉರುಳುವ ಚಕ್ರ ಆಗಿದೆ, ಅಜ್ಜಿಗೆ ಕೊಡುವ ದೋಸೆಯೂ ಆಗಿದೆ. ಒಂದೇ ಸಾಮಾನು ಮಗುವಿನ ಜೊತೆಗೇ ಇಷ್ಟು ತಿಂಗಳು ಬೆಳೆದುಕೊಂಡು ಬಂದಿತು, ಅಲ್ವಾ? ಆಟದ ಸಾಮಾನಿನಲ್ಲಿ ನಾನು ಹುಡುಕುವುದು ಇದನ್ನೇ. ಸಾಮಾನು ತಾನು ಕಡಿಮೆ ಕೆಲಸ ಮಾಡಬೇಕು, ಮಗು ಜಾಸ್ತಿ ಮಾಡಬೇಕು.

ಚನ್ನಪಟ್ಟಣದ್ದೇ ಯಾಕೆ? ಈ ವಯಸ್ಸಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಅದಕ್ಕೆ. ಅಲ್ಲಿ ಸಾಂಪ್ರದಾಯಿಕವಾಗಿ ಬಳಸುವುದು ಆಲೆ ಮರ, ಕೆಲವರು ಹಾಲೆ ಮರ ಅನ್ನುತ್ತಾರೆ. ಬೆಳ್ಳಗಿನ ಹಗುರ ಮರ, ಸಿಬಿರು ಏಳುವುದು ಕಡಿಮೆ. ಬಣ್ಣ ಹಚ್ಚಲು ಬ್ರಷ್ ಹಿಡಿಯುವುದಿಲ್ಲ. ಲೇತ್ ಮೇಲೆ ಮರ ಗಿರಗಿರ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ಒಣ ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳಿಂದ ಈ ಕೆಲಸ ಊರಿಗೆ ಬಂತು ಅನ್ನುವುದು ಅಲ್ಲಿಯ ಪ್ರತೀತಿ. 2005-06ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ ಹೀಗೆ ಗಿಡಮೂಲದ ಬಣ್ಣ ಹಾಕುವವರೂ ಇದ್ದಾರೆ. ಆದರೆ ಎಲ್ಲರೂ ಹಾಗೇ ಮಾಡುತ್ತಾರೆ ಅಂದುಕೊಳ್ಳಬೇಡಿ. ಬಾಯಿಗೆ ಹಾಕುವ ಮಗುವಿಗೆ ಬೇಕು, ಯಾವ ಬಣ್ಣ ಹಾಕಿದ್ದೀರಿ ಅಂತ ಬಾಯಿಬಿಟ್ಟು ಕೇಳಿ. ಮಾಡುವವರೇ ಮಾರುವ ಅಂಗಡಿ ಆದರೆ ಸರಿಯಾಗಿ ಹೇಳುತ್ತಾರೆ.

ಇಲ್ಲೊಂದು ಎಚ್ಚರಿಕೆ. ರಸ್ತೆ ಬದಿಯಲ್ಲಿ, ಜಾತ್ರೆಯಲ್ಲಿ "ಚನ್ನಪಟ್ಟಣದ್ದು" ಅಂತ ಮಾರುವುದೆಲ್ಲ ಅಲ್ಲಿಯದಲ್ಲ. ಅರಗಿನ ಬಣ್ಣ ಆಗಿದ್ದರೆ ಮೈ ಪೂರ್ತಿ ಒಂದೇ ಸಮ ನುಣ್ಣಗಿರುತ್ತದೆ, ಬ್ರಷ್ಷಿನ ಗೆರೆ ಕಾಣುವುದಿಲ್ಲ. ಪೇಂಟ್ ಹೊಡೆದಿದ್ದರೆ ಅಂಚಿನಲ್ಲಿ ದಪ್ಪಗೆ ಹೆಪ್ಪುಗಟ್ಟಿರುತ್ತದೆ, ಉಗುರಿನಲ್ಲಿ ಕೆರೆದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಮೂಸಿದರೆ ಟರ್ಪೆಂಟೈನ್ ತರಹ ಘಾಟು ಬರುತ್ತದೆ. ಅಂಥದ್ದು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಕೆಲವು ಪೇಂಟುಗಳಲ್ಲಿ ಸೀಸ ಇರಬಹುದು, ಅದು ಮಕ್ಕಳ ಮೆದುಳಿಗೆ ಒಳ್ಳೆಯದಲ್ಲ.

ತೊಳೆಯುವುದರ ಬಗ್ಗೆಯೂ ಹೇಳಬೇಕು, ಇದನ್ನು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಅರಗಿನ ಸಾಮಾನಿಗೆ ಸ್ಯಾನಿಟೈಸರ್ ಹಾಕಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಹೊಳಪು ಹೋಗಿ ಅಂಟಂಟಾಗುತ್ತದೆ. ಕುದಿಯುವ ನೀರಿಗೂ ಹಾಕಬೇಡಿ, ಬಿಸಿಗೆ ಅರಗು ಮೆತ್ತಗಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಇಡಿ. ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬುತ್ತದೆ. ಇದೊಂದೇ ಈ ಸಾಮಾನಿನ ತೊಂದರೆ. ಸ್ನಾನದ ಹೊತ್ತಿಗೆ ಆಡಲು ಆಗುವುದಿಲ್ಲ.

ಸ್ನಾನಕ್ಕೆ ಲೋಟಗಳಿವೆ. ಒಂದರೊಳಗೊಂದು ಕೂರುವ ಪ್ಲಾಸ್ಟಿಕ್ ಲೋಟಗಳ ಸೆಟ್ಟು, ಎಲ್ಲ ಆಟಿಕೆ ಅಂಗಡಿಯಲ್ಲೂ ಸಿಗುತ್ತದೆ. ಫನ್‌ಸ್ಕೂಲ್ ಕಂಪನಿಯವರು ಗಿಗಲ್ಸ್ ಅನ್ನುವ ಹೆಸರಲ್ಲಿ ಪುಟ್ಟ ಮಕ್ಕಳಿಗೇ ಅಂತ ಸಾಮಾನು ಮಾಡುತ್ತಾರೆ, ಬೇರೆ ಕಂಪನಿಗಳದೂ ಇವೆ. ಯಾವುದಾದರೂ ಸರಿ, ಅಂಚು ನುಣ್ಣಗಿರಬೇಕು, ಬೆರಳಲ್ಲಿ ಒಂದು ಸುತ್ತು ಸವರಿ ನೋಡಿ. ತಳದಲ್ಲಿ ತೂತಿರುವ ಲೋಟ ಸಿಕ್ಕರೆ ಇನ್ನೂ ಒಳ್ಳೆಯದು, ನೀರು ಸೋರುವುದನ್ನು ನೋಡುತ್ತಾ ಕೂರುತ್ತಾರೆ. ನಮ್ಮಲ್ಲಿ ಲೋಟಗಳು ಸ್ನಾನದ ಮನೆಯಲ್ಲಿ, ಅಂಗಳದ ಮರಳಲ್ಲಿ, ಅಡುಗೆಮನೆಯ ನೆಲದಲ್ಲಿ ಎಲ್ಲ ಕಡೆ ಓಡಾಡುತ್ತವೆ. ಒಂದೂವರೆ ವರ್ಷದ ಸುಮಾರಿಗೆ ಮಕ್ಕಳು ಎರಡು ಮೂರು ವಸ್ತು ಒಂದರ ಮೇಲೊಂದು ನಿಲ್ಲಿಸಬಲ್ಲರು, ಎರಡರ ಹೊತ್ತಿಗೆ ಇನ್ನೂ ಜಾಸ್ತಿ. ನಿಲ್ಲಿಸುವುದಕ್ಕಿಂತ ಬೀಳಿಸುವುದರಲ್ಲೇ ಖುಷಿ ಹೆಚ್ಚು. ಬೀಳಿಸಲಿ ಬಿಡಿ, ಅದೂ ಕಲಿಕೆಯೇ.

ಮನೆಯಲ್ಲೇ ಇರುವುದನ್ನೂ ಮರೆಯಬಾರದು. ಮುಚ್ಚಳ ಇರುವ ಸ್ಟೀಲ್ ಡಬ್ಬಿ, ಮರದ ಸೌಟು, ಹಿಟ್ಟು ಜಾಲಿಸುವ ಜರಡಿ, ಇವುಗಳಿಗೆ ಅಂಗಡಿಯ ಯಾವ ಸಾಮಾನೂ ಸಮ ಬರುವುದಿಲ್ಲ. ಡಬ್ಬಿಗೆ ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ಈ ವಯಸ್ಸಿನ ಮುಖ್ಯ ಆಟವೇ ಅದು. ಅತ್ತೆ ಚಪಾತಿ ಹಿಟ್ಟಿನ ಒಂದು ಉಂಡೆ ಕೊಡುತ್ತಾರೆ, ಮಗು ಒತ್ತಿ, ಚುಚ್ಚಿ, ಚಪ್ಪಟೆ ಮಾಡಿ ಕೂರುತ್ತದೆ. ಬಾಯಿಗೆ ಹಾಕಿದರೆ ಅಲ್ಲೇ ತಡೆಯಬೇಕು, ಪಕ್ಕದಲ್ಲಿ ದೊಡ್ಡವರು ಇರಲೇಬೇಕು. ರಾಗಿ ಹಿಟ್ಟು ಇದಕ್ಕೆ ಬರುವುದಿಲ್ಲ, ಪುಡಿಪುಡಿಯಾಗುತ್ತದೆ.

ಈಗ ತಳ್ಳುವ ಗಾಡಿ. ಮೂರು ಚಕ್ರದ ಮರದ ಗಾಡಿ, ಹಿಡಿದುಕೊಂಡು ನಿಂತು ಮುಂದೆ ತಳ್ಳುವಂಥದ್ದು, ನಮ್ಮ ಹಿರಿಯರೆಲ್ಲ ಇದನ್ನೇ ಹಿಡಿದು ನಡೆದವರು. ಇದು ಒಳ್ಳೆಯದು. ಮಗು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ತೂಕ ತಾನೇ ಹೊರಬೇಕು. ಕೊಳ್ಳುವಾಗ ಹಿಡಿಕೆ ಮೇಲೆ ನಿಮ್ಮ ಕೈ ಒತ್ತಿ ನೋಡಿ, ಹಿಂದಕ್ಕೆ ಮಗುಚಿ ಬಿದ್ದರೆ ಬೇಡ. ಚಕ್ರ ಸ್ವಲ್ಪ ಬಿಗಿ ಇರಬೇಕು. ನುಣುಪಾದ ಟೈಲ್ಸ್ ಮೇಲೆ ಸಡಿಲ ಚಕ್ರ ಓಡಿಹೋಗುತ್ತದೆ, ಮಗು ಮುಗ್ಗರಿಸುತ್ತದೆ. ಸುತ್ತ ಪ್ಲಾಸ್ಟಿಕ್ ತಟ್ಟೆ, ಮಧ್ಯೆ ಬಟ್ಟೆಯ ಸೀಟು, ಕೆಳಗೆ ಚಕ್ರ ಇರುವ ದುಂಡನೆಯ ವಾಕರ್ ಮಾತ್ರ ಖಂಡಿತ ಬೇಡ. ಬೇಗ ನಡೆಯುತ್ತದೆ ಅಂತ ನೆಂಟರು ತಂದುಕೊಡುತ್ತಾರೆ, ಪ್ರೀತಿಯಿಂದಲೇ ತರುತ್ತಾರೆ, ಆದರೂ ಬೇಡ. ಅದರಿಂದ ಮಗು ಬೇಗ ನಡೆಯುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮೆಟ್ಟಿಲ ತನಕ ಹೋಗಿಬಿಡುತ್ತದೆ, ಬಿದ್ದರೆ ತಲೆಗೇ ಪೆಟ್ಟು. ಕೆನಡಾ ದೇಶದಲ್ಲಿ 2004ರಲ್ಲೇ ಇದರ ಮಾರಾಟ ನಿಷೇಧ ಮಾಡಿದ್ದಾರೆ. ನಮ್ಮಲ್ಲಿ ಇನ್ನೂ ಅಂಗಡಿ ಮುಂದೆ ನೇತುಹಾಕಿ ಮಾರುತ್ತಾರೆ. ಹೊಸ್ತಿಲು, ಜಗಲಿ, ಮೆಟ್ಟಿಲು ಇರುವ ನಮ್ಮ ಮನೆಗಳಿಗೆ ಅದು ಇನ್ನೂ ಅಪಾಯ.

ದಾರ ಕಟ್ಟಿ ಎಳೆಯುವ ಆನೆ, ಬಾತುಕೋಳಿ ಕೂಡ ಚೆನ್ನಾಗಿರುತ್ತವೆ, ನಡಿಗೆ ಗಟ್ಟಿಯಾದ ಮೇಲೆ ಕೊಡಿ. ದಾರದ ಉದ್ದ ನೋಡಿಕೊಳ್ಳಿ. ಒಂದೂವರೆ ವರ್ಷದೊಳಗಿನ ಮಕ್ಕಳ ಸಾಮಾನಿನ ದಾರ 22 ಸೆಂ.ಮೀ. ಮೀರಬಾರದು ಅನ್ನುವುದು ಸುರಕ್ಷತೆಯ ಅಳತೆ, ಅಂದರೆ ಸುಮಾರು ಒಂದು ಗೇಣು. ಅದಕ್ಕಿಂತ ಉದ್ದ ಇದ್ದರೆ ಕತ್ತಿಗೆ ಸುತ್ತಿಕೊಳ್ಳುವ ಭಯ. ಆಟ ಮುಗಿದ ಮೇಲೆ ಎತ್ತಿಡಿ, ತೊಟ್ಟಿಲಲ್ಲಿ ಮಾತ್ರ ಬಿಡಲೇಬೇಡಿ.

ಹಾಡು ಹೇಳುವ ಸಾಮಾನಿನ ವಿಚಾರಕ್ಕೆ ಬರುತ್ತೇನೆ. ಉಡುಗೊರೆಯಾಗಿ ಬಂದದ್ದು, ಆನ್‌ಲೈನಲ್ಲಿ ತರಿಸಿದ್ದಂತೆ. ಪುಟ್ಟ ಫೋನಿನ ಆಕಾರ, ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಪ್ರಾಣಿಗಳ ಹೆಸರು, ಕೂಗು, ಒಂದು ಹಾಡು. ಮೊದಲ ದಿನ ಮನೆಯಲ್ಲಿ ಎಲ್ಲರಿಗೂ ಖುಷಿ. ಒಂದು ವಾರದೊಳಗೆ ಹಿಂಬದಿಯ ಬ್ಯಾಟರಿ ಮುಚ್ಚಳ ಸಡಿಲವಾಯಿತು. ಸ್ಕ್ರೂ ಇರಲಿಲ್ಲ, ಬರೀ ಒತ್ತಿ ಕೂರಿಸುವ ಮುಚ್ಚಳ. ಒಳಗೆ ಮೂರು ಗುಂಡಿ ಬ್ಯಾಟರಿ, ಅಂದರೆ ಅಂಗಿಯ ಗುಂಡಿಯ ಹಾಗೆ ದುಂಡಗೆ ಚಪ್ಪಟೆಯಾಗಿರುವ ಪುಟ್ಟ ಬ್ಯಾಟರಿ. ಅತ್ತೆ ಸದ್ದು ಕೇಳಿ ನೋಡಿದಾಗ ಮುಚ್ಚಳ ಮಗುವಿನ ಕೈಯಲ್ಲಿತ್ತು. ಬ್ಯಾಟರಿ ಮೂರೂ ಒಳಗೇ ಇದ್ದವು. ಮಾರಿದವರಿಗೆ ಬರೆದರೆ "ದುಡ್ಡು ವಾಪಸ್ ಮಾಡುತ್ತೇವೆ" ಅಂತ ಬಂತು, ಮುಚ್ಚಳದ ವಿಷಯಕ್ಕೆ ಒಂದು ಮಾತೂ ಇಲ್ಲ. ದುಡ್ಡಿನ ಪ್ರಶ್ನೆ ಅಲ್ಲ ಇದು. ಅದೇ ಸಾಮಾನು ಇನ್ನೊಂದು ಮನೆಗೆ ಹೋಗುತ್ತದೆ, ನನಗೆ ಸಂಕಟ ಆಗುವುದು ಅದಕ್ಕೆ.

ಗುಂಡಿ ಬ್ಯಾಟರಿ ಎಷ್ಟು ಅಪಾಯ ಅಂತ ತುಂಬಾ ಜನರಿಗೆ ಗೊತ್ತಿಲ್ಲ. ನಾಣ್ಯ ನುಂಗಿದ ಹಾಗೆ, ಮಾರನೆಯ ದಿನ ಹೊರಗೆ ಬರುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿಯ ತೇವಕ್ಕೆ ವಿದ್ಯುತ್ ಹರಿದು ಸುತ್ತಲಿನ ಮಾಂಸ ಸುಡಲು ಶುರುವಾಗುತ್ತದೆ, ಎರಡು ಗಂಟೆಯೊಳಗೆ ದೊಡ್ಡ ಗಾಯ ಆಗಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಬಾಳೆಹಣ್ಣು ಕೊಟ್ಟು ಕಾಯಬೇಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಓಡಿ. ಬ್ಯಾಟರಿ ಸಾಮಾನು ತಗೊಳ್ಳಲೇಬೇಕು ಅಂತಿದ್ದರೆ ಮುಚ್ಚಳ ಸ್ಕ್ರೂ ಹಾಕಿದ್ದೇ ಆಗಿರಬೇಕು, ಸ್ಕ್ರೂಡ್ರೈವರ್ ಇಲ್ಲದೆ ತೆಗೆಯಲು ಬರಬಾರದು. ಕೆಲವು ಪುಟ್ಟ ರಿಮೋಟು, ಕಾರಿನ ಕೀ, ಹಾಡುವ ಗ್ರೀಟಿಂಗ್ ಕಾರ್ಡು, ಜಾತ್ರೆಯ ಮಿಣುಕು ಉಂಗುರ, ಲೇಸರ್ ಲೈಟು ಇವುಗಳಲ್ಲೂ ಇದೇ ಬ್ಯಾಟರಿ.

ಇನ್ನು ಬ್ಯಾಟರಿ ಸುರಕ್ಷಿತವಾಗಿಯೇ ಇದೆ ಅನ್ನೋಣ. ಆಗಲೂ ನನಗೆ ಇಷ್ಟವಿಲ್ಲ. ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ 10ರಿಂದ 16 ತಿಂಗಳ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರು ಮನೆಯಲ್ಲಿ ಆಡುವಾಗ ಆಡಿದ ಮಾತುಗಳನ್ನು ರೆಕಾರ್ಡ್ ಮಾಡಿ ನೋಡಿದರು. 2015ರ ಕೊನೆಗೆ ಪ್ರಕಟವಾದ ಅಧ್ಯಯನ. ಶಬ್ದ ಮಾಡುವ ಎಲೆಕ್ಟ್ರಾನಿಕ್ ಸಾಮಾನು ಕೊಟ್ಟಾಗ ದೊಡ್ಡವರ ಮಾತು ಕಡಿಮೆಯಾಯಿತು, ಮಗು ತೊದಲಿದ್ದಕ್ಕೆ ಉತ್ತರ ಕೊಡುವುದೂ ಕಡಿಮೆಯಾಯಿತು. ಪುಸ್ತಕ ಇಟ್ಟುಕೊಂಡಾಗ ಮಾತು ಅತಿ ಹೆಚ್ಚು. 26 ಜೋಡಿಗಳ ಸಣ್ಣ ಅಧ್ಯಯನ ಅದು, ಒಪ್ಪುತ್ತೇನೆ. ಆದರೆ ನಮ್ಮ ಮನೆಯಲ್ಲಿ ಕಂಡಿದ್ದೂ ಅದೇ. ಸಾಮಾನು "ಕೌ" ಅಂದುಬಿಟ್ಟರೆ ನಾವು ಸುಮ್ನೆ ಕೂರುತ್ತೇವೆ. ಮರದ ಹಸು ಕೈಗೆ ಕೊಟ್ಟರೆ ಅತ್ತೆ ಅದರ ಬಾಲ, ಕೊಂಬು, ಕೆಚ್ಚಲು ಎಲ್ಲ ತೋರಿಸಿ, ಊರಿನ ಮನೆಯ ಗೌರಿ ಹಸುವಿನ ಕಥೆ ಹೇಳಿ, ಕೊನೆಗೆ ತಾವೇ "ಅಂಬಾ" ಅನ್ನುತ್ತಾರೆ. ಮಗಳೂ ಈಗ "ಅಂಬಾ" ಅನ್ನುತ್ತಾಳೆ. ಮಗುವಿಗೆ ಮಾತು ಬರುವುದು ಮನೆಯವರ ಬಾಯಿಂದ, ಅದೂ ನಮ್ಮ ಮಾತಿನಲ್ಲೇ. ಆ ಕೆಲಸವನ್ನು ಬ್ಯಾಟರಿಗೆ ವಹಿಸುವುದು ನನಗೆ ಸರಿ ಕಾಣುವುದಿಲ್ಲ.

ಫೋನು, ಟಿವಿ ಬಗ್ಗೆ ಒಂದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಅಂಗಡಿಯಲ್ಲಿ ಏನು ನೋಡಬೇಕು ಅಂತ ಕೇಳುವವರಿಗೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆಗೆ ಸಿಎಂ/ಎಲ್ (CM/L) ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಈ ಗುರುತು ಕೊಡುವ ಸಂಸ್ಥೆ ಬಿಐಎಸ್, ಅವರ ಬಿಐಎಸ್ ಕೇರ್ ಅನ್ನುವ ಆ್ಯಪ್ ಫೋನಿಗೆ ಹಾಕಿಕೊಂಡರೆ ಅಂಗಡಿಯಲ್ಲೇ ನಿಂತು ಆ ನಂಬರ್ ಹಾಕಿ ನೋಡಬಹುದು, ಯಾವ ಕಂಪನಿ, ಯಾವ ಸಾಮಾನಿಗೆ ಲೈಸೆನ್ಸ್ ಅಂತ ತೋರಿಸುತ್ತದೆ. ಒಂದು ಅಂಗಡಿಯಲ್ಲಿ ನಾನು "ಅಣ್ಣ, ಇದರಲ್ಲಿ ಐಎಸ್‌ಐ ಎಲ್ಲಿದೆ?" ಅಂತ ಕೇಳಿದೆ. "ಇಲ್ಲ ಮೇಡಂ, ಇದು ಇಂಪೋರ್ಟೆಡ್, ಇದಕ್ಕೆ ಬೇಕಾಗಲ್ಲ" ಅಂದರು. ಅದು ತಪ್ಪು. ಹೊರದೇಶದಿಂದ ಬಂದದ್ದಕ್ಕೂ ಬೇಕು. ಇನ್ನೊಂದು ಅಂಗಡಿಯವರು ಕೇಳಿದ ತಕ್ಷಣ ಮೂರು ಡಬ್ಬಿ ತೆಗೆದು ಮುಂದಿಟ್ಟು, "ನೋಡಿ ಅಕ್ಕ, ಇವೆಲ್ಲ ಗುರುತು ಇರೋವು, ಬಿಚ್ಚಿ ನೋಡಬೇಕಾದ್ರೆ ನೋಡಿ" ಅಂದರು. ಡಬ್ಬಿ ಬಿಚ್ಚಿ ತೋರಿಸುವ ಅಂಗಡಿಗೇ ನಾವು ಈಗ ಹೋಗುವುದು. ಸಾಮಾನನ್ನು ಕೈಯಲ್ಲಿ ಹಿಡಿದು, ತಿರುಚಿ, ಎಳೆದು, ಮೂಸಿ ನೋಡಲು ಆಗುತ್ತದಲ್ಲ, ಆನ್‌ಲೈನಿಗಿಂತ ಎಂ.ಜಿ. ರಸ್ತೆ ಮೇಲು ಅನ್ನುವುದು ಅದಕ್ಕೇ. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ.

ಹಾಗಾದರೆ ಚನ್ನಪಟ್ಟಣದ ಸಾಮಾನಿಗೆ ಐಎಸ್‌ಐ ಇಲ್ಲವಲ್ಲ ಅಂತ ಕೇಳಬಹುದು. ನೋಂದಾಯಿತ ಕರಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ, ಜಿಐ ನೋಂದಣಿ ಇರುವವರು ಮಾಡುವ ಆಟಿಕೆಗೆ ಆ ಆದೇಶದಲ್ಲೇ ವಿನಾಯಿತಿ ಇದೆ. ಆದ್ದರಿಂದ ಗುರುತು ಇಲ್ಲ ಅಂತ ಮರದ ಸಾಮಾನನ್ನು ತಳ್ಳಿಹಾಕಬೇಡಿ, ಆದರೆ ಅಲ್ಲಿ ನಿಮ್ಮ ಕಣ್ಣು, ಮೂಗು, ಉಗುರು ಇನ್ನೂ ಚುರುಕಾಗಿರಬೇಕು.

ಗಾತ್ರದ ವಿಷಯಕ್ಕೆ ಅಳತೆ ಇದೆ. ಮೂರು ವರ್ಷದೊಳಗಿನ ಮಕ್ಕಳ ಸಾಮಾನನ್ನು ಪರೀಕ್ಷಿಸಲು 31.7 ಮಿ.ಮೀ. ಅಗಲದ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ಚೂರೂ ಸಾಮಾನಿನಲ್ಲಿ ಇರಬಾರದು, ಕಿತ್ತು ಬರಲೂ ಬಾರದು. ನಮ್ಮ 10 ರೂಪಾಯಿ ನಾಣ್ಯ 27 ಮಿ.ಮೀ. ಅಗಲ, ಅದನ್ನು ಜೊತೆಗಿಟ್ಟು ನೋಡಿ, ನಾಣ್ಯಕ್ಕಿಂತ ಒಂಚೂರು ಅಗಲ ಇದ್ದರೂ ಅಪಾಯವೇ. ಚೆಂಡಿಗೆ ಇನ್ನೂ ದೊಡ್ಡ ಅಳತೆ, 44.5 ಮಿ.ಮೀ. ಟೇಬಲ್ ಟೆನಿಸ್ ಚೆಂಡು 40 ಮಿ.ಮೀ. ಇರುತ್ತದೆ, ಅಂದರೆ ಅದೂ ಈ ವಯಸ್ಸಿಗೆ ಚಿಕ್ಕದೇ. ಗೋಲಿ, ಪುಟಿಯುವ ಬಣ್ಣದ ಪುಟ್ಟ ಚೆಂಡು ಅಂತೂ ದೂರ. ಟೆನಿಸ್ ಚೆಂಡಿನಿಂದ ಮೇಲೆ ಎಷ್ಟು ದೊಡ್ಡದಾದರೂ ಸರಿ. ಡಬ್ಬಿಯ ಮೇಲೆ ಅಡ್ಡಗೆರೆ ಎಳೆದ ಮಗುವಿನ ಮುಖ, ಪಕ್ಕದಲ್ಲಿ 0-3 ಅಂತ ಇದ್ದರೆ ಅದು ಮೂರು ವರ್ಷದೊಳಗಿನವರಿಗೆ ಅಲ್ಲ ಅಂತ ಅರ್ಥ. "ನಮ್ಮ ಮಗು ಜಾಣೆ, ಪರವಾಗಿಲ್ಲ" ಅಂತ ಕೊಡಬಾರದು. ಅಲ್ಲಿ ಹೇಳಿರುವುದು ಬುದ್ಧಿಯ ವಿಷಯ ಅಲ್ಲ, ಗಂಟಲಿನ ವಿಷಯ.

ಅಣ್ಣ ಅಕ್ಕಂದಿರಿರುವ ಮನೆಯಲ್ಲಿ ಇದು ಇನ್ನೂ ಕಷ್ಟ. ದೊಡ್ಡ ಮಕ್ಕಳ ಮ್ಯಾಗ್ನೆಟ್ ಗುಂಡುಗಳು ಎರಡು ಹೊಟ್ಟೆಗೆ ಹೋದರೆ ಕರುಳಿನ ಎರಡು ಮಡಿಕೆಗಳ ನಡುವೆ ಒಂದನ್ನೊಂದು ಎಳೆದು ಹಿಡಿದು ತೂತು ಮಾಡುತ್ತವೆ. ನೀರಲ್ಲಿ ಉಬ್ಬುವ ಬಣ್ಣಬಣ್ಣದ ಮಣಿಗಳು ಹೊಟ್ಟೆಯಲ್ಲೂ ಉಬ್ಬುತ್ತವೆ. ಅಳಗುಳಿಮಣೆಗೆ ಇಟ್ಟುಕೊಂಡ ಹುಣಸೆ ಬೀಜ, ಕವಡೆ ಕೂಡ ಮೇಲೆ ಇರಲಿ. ಆಟದ ಸಾಮಾನಲ್ಲದಿದ್ದರೂ ಕಡಲೆಬೀಜದ ಹೆಸರು ಹೇಳಲೇಬೇಕು, ನಮ್ಮ ಪಾವಗಡ, ಶಿರಾ ಕಡೆ ಕಡಲೆಕಾಯಿ ಇಲ್ಲದ ಮನೆ ಇಲ್ಲ. ಪುಟ್ಟ ಮಕ್ಕಳ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಅದೇ ಮುಂದು.

ಜಾತ್ರೆಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಸಿದ್ಧಗಂಗೆ ಜಾತ್ರೆ, ದನಗಳ ಪರಿಷೆ, ವಸ್ತುಪ್ರದರ್ಶನ ಮಗು ನೋಡಬೇಕಾದ್ದೇ. ಅಲ್ಲಿ ಬಲೂನು ಕೊಡಿಸಿದರೆ ದೊಡ್ಡವರ ಕೈಯಲ್ಲೇ ಇರಲಿ. ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿಕೊಂಡರೆ ತೆಗೆಯುವುದು ಬಹಳ ಕಷ್ಟ. ಪೀಪಿಯ ಒಳಗಿನ ಚಿಕ್ಕ ತುಂಡು ಕಿತ್ತು ಬರುತ್ತದೆ. ತಗಡಿನ ಸಾಮಾನಿನ ಅಂಚು ಕುಯ್ಯುತ್ತದೆ. ನಾವು ಅಲ್ಲಿಂದ ತಂದಿದ್ದು ಒಂದು ದೊಡ್ಡ ಪ್ಲಾಸ್ಟಿಕ್ ಚೆಂಡು ಮಾತ್ರ, ಅದು ಇನ್ನೂ ಗಟ್ಟಿಯಾಗಿದೆ.

ಮೆತ್ತನೆಯ ಗೊಂಬೆಗೆ ಹೆಚ್ಚು ಬರೆಯುವುದಿಲ್ಲ. ಕಣ್ಣು, ಮೂಗು ದಾರದಲ್ಲಿ ಹೊಲಿದಿರಲಿ, ಅಂಟಿಸಿದ ಗುಂಡಿ ಬೇಡ. ಹೊಲಿಗೆ ಎಳೆದು ನೋಡಿ. ತೊಳೆಯಲು ಬರುವಂತಿರಲಿ, ದೂಳು ಕೂತರೆ ಕೆಮ್ಮು ಶುರುವಾಗುತ್ತದೆ. ಒಂದು ಸಾಕು.

ಪುಸ್ತಕಕ್ಕೆ ಮಾತ್ರ ಧಾರಾಳವಾಗಿ ಖರ್ಚು ಮಾಡಿ. ಹಾಳೆ ದಪ್ಪ ರಟ್ಟಿನದಾಗಿರಬೇಕು, ಮೂಲೆಗಳು ದುಂಡಗಿರಬೇಕು. ಒಂದು ಪುಟಕ್ಕೆ ಒಂದು ದೊಡ್ಡ ಚಿತ್ರ ಇದ್ದರೆ ಸಾಕು. ರಟ್ಟಿನ ಪುಸ್ತಕ ಅಂದರೆ ಅಂಗಡಿಯಲ್ಲಿ ಹೆಚ್ಚಾಗಿ ಇಂಗ್ಲಿಷಿನದೇ ಕೊಡುತ್ತಾರೆ. ಇಂಗ್ಲಿಷ್ ಇದ್ದರೂ ತೊಂದರೆಯಿಲ್ಲ, ಚಿತ್ರ ನೋಡಿ ಕನ್ನಡದಲ್ಲೇ ಮಾತಾಡಿ. ತೆಳು ಹಾಳೆಯ ಕನ್ನಡ ಪುಸ್ತಕಗಳು ಪ್ರಥಮ್ ಬುಕ್ಸ್, ನವಕರ್ನಾಟಕದಂಥವರಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಅವನ್ನು ಮಡಿಲಲ್ಲಿ ಕೂರಿಸಿಕೊಂಡು ನಾವು ಓದಿ ಹೇಳುತ್ತೇವೆ. ಹಾಳೆ ಹರಿದರೆ ಹರಿಯಲಿ.

ಸಾಮಾನು ಎಷ್ಟಿರಬೇಕು ಅನ್ನುವುದಕ್ಕೂ ಒಂದು ಅಧ್ಯಯನ ಇದೆ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿಗೆ ಒಮ್ಮೆ 4 ಸಾಮಾನು, ಇನ್ನೊಮ್ಮೆ 16 ಸಾಮಾನು ಇಟ್ಟು ನೋಡಿದರು. ಕಡಿಮೆ ಇದ್ದಾಗ ಒಂದೊಂದರ ಜೊತೆ ಜಾಸ್ತಿ ಹೊತ್ತು, ಬೇರೆ ಬೇರೆ ರೀತಿಯಲ್ಲಿ ಆಡಿದರು. ಅತ್ತೆಗೆ ಇದನ್ನು ಹೇಳಿದರೆ "ಅದಕ್ಕೆ ಅಮೆರಿಕದವರು ಬೇಕಿತ್ತಾ ಕಣಮ್ಮ, ನಾನು ಮೊದಲಿಂದ ಹೇಳ್ತಿಲ್ವಾ" ಅಂದರು. ಅವರ ಕ್ರಮ ಸರಳ. ಕೆಲವನ್ನು ಬುಟ್ಟಿಯಲ್ಲಿ ಕೆಳಗೆ ಇಡುತ್ತಾರೆ, ಉಳಿದವನ್ನು ಅಟ್ಟದ ಮೇಲೆ ಏರಿಸುತ್ತಾರೆ, ಮಗು ಬೇಸರ ಪಟ್ಟುಕೊಂಡಾಗ ಅದಲು ಬದಲು ಮಾಡುತ್ತಾರೆ. ಮೇಲಿಂದ ಇಳಿದದ್ದನ್ನು ಮಗಳು ಹೊಸದೇ ಬಂತು ಅನ್ನುವ ಹಾಗೆ ಅಪ್ಪಿಕೊಳ್ಳುತ್ತಾಳೆ.

ಬೆಲೆ ಕೇಳುವವರಿಗೆ ನಮ್ಮ ಅಂದಾಜು ಹೇಳುತ್ತೇನೆ. ಮರದ ಬಳೆ ಸೆಟ್ಟು ನಾಲ್ಕುನೂರರ ಆಸುಪಾಸು, ಲೋಟಗಳು ಇನ್ನೂರೈವತ್ತರೊಳಗೆ, ರಟ್ಟಿನ ಪುಸ್ತಕ ನೂರರಿಂದ ಇನ್ನೂರು. ತಳ್ಳುವ ಗಾಡಿ ಸಾವಿರದ ಹತ್ತಿರ ಹೋಗುತ್ತದೆ, ಅದನ್ನು ಅಕ್ಕಪಕ್ಕದ ಮನೆಯವರಿಂದ ಇಸಿದುಕೊಂಡರೂ ಆಗುತ್ತದೆ, ಹೇಗೂ ಕೆಲವೇ ತಿಂಗಳ ಉಪಯೋಗ. ಚನ್ನಪಟ್ಟಣಕ್ಕೆ ತುಮಕೂರಿಂದ ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ಮೇಲೆ ಹೋಗಬಹುದು. ಬೆಂಗಳೂರಿಗೆ ಹೋಗುವವರಿದ್ದರೆ ಕಾವೇರಿ ಎಂಪೋರಿಯಂನಲ್ಲೂ ಸಿಗುತ್ತದೆ.

ಎರಡು ತುಂಬುವ ಹೊತ್ತಿಗೆ ದಪ್ಪ ಬಳಪ, ಅಡುಗೆ ಆಟದ ಪಾತ್ರೆಗಳು, ಆಕಾರ ನೋಡಿ ತೂತಿನೊಳಗೆ ಹಾಕುವ ಮರದ ಡಬ್ಬಿ ತರಬೇಕು ಅಂತಿದ್ದೇವೆ. ಹುಟ್ಟುಹಬ್ಬಕ್ಕೆ ಏನು ತರಲಿ ಅಂತ ಕೇಳುವ ನೆಂಟರಿಗೆ ಈಗಲೇ ಹೇಳಿಟ್ಟಿದ್ದೇನೆ, ಪುಸ್ತಕ ತನ್ನಿ, ಇಲ್ಲವೇ ಎಲ್ಲರೂ ಸೇರಿ ಒಂದೇ ತನ್ನಿ ಅಂತ. ನಾದಿನಿ ಒಪ್ಪಿದ್ದಾಳೆ, ದೊಡ್ಡಮ್ಮನವರು ಇನ್ನೂ ಒಪ್ಪಿಲ್ಲ. ಆಕಾರದ ಡಬ್ಬಿ ಮಾತ್ರ ತುಮಕೂರಲ್ಲಿ ನನಗೆ ಮನಸ್ಸಿಗೆ ಬರುವಂಥದ್ದು ಸಿಕ್ಕಿಲ್ಲ. ನೋಡಿದ್ದೆಲ್ಲ ತುಂಡುಗಳು ತೀರಾ ಚಿಕ್ಕವು, ಇಲ್ಲವೇ ಪೇಂಟ್ ವಾಸನೆ. ಚಿಕ್ಕಪೇಟೆ, ಅಶೋಕ ರಸ್ತೆ ಕಡೆ ಯಾರಾದರೂ ಒಳ್ಳೆಯದು ನೋಡಿದ್ದರೆ ಅಂಗಡಿ ಎಲ್ಲಿ ಬರುತ್ತದೆ ಅಂತ ದಯವಿಟ್ಟು ತಿಳಿಸಿ.